ಮನೆಹೆಸರನ್ನು ಮೊಟಕುಗೊಳಿಸಬೇಡಿ

ಮಾನ್ಯ ಸಂಪಾದಕರೇ,

ಕೊಡಗಿನ ಸಾಹಿತ್ಯವನ್ನು ಕುರಿತ ಸಂಶೋಧನಾ ಪ್ರಬಂಧವೊಂದನ್ನು ಈಚೆಗೆ ಓದುತ್ತಿದ್ದೆ. ಅದರ ಗ್ರಂಥಋಣದಲ್ಲಿ ‘ಚಿಣ್ಣಪ್ಪ ಎನ್.’ ಎಂದೂ ಒಳಪುಟಗಳಲ್ಲಿ ‘ನಾದಿಕೇರಿಯಾಂದ’ ಎಂದೂ ಅಚ್ಚಾಗಿತ್ತು. ಇವರು ಬೇರೆ ಬೇರೆ ಲೇಖಕರೆಂದು ಓದುಗರು ತಿಳಿದರೆ ತಪ್ಪು ಅವರದಲ್ಲ. 1924ರಲ್ಲಿ ಕೊಡವ ಜನಪದ ಹಾಡುಗಳ ಸಂಗ್ರಹವಾದ ‘ಪಟ್ಟೋಲೆ ಪಳಮೆ’ಯನ್ನು ಹೊರತಂದ ನಡಿಕೇರಿಯಂಡ ಚಿಣ್ಣಪ್ಪನವರೇ ಎರಡೂ ಕಡೆ ಇದ್ದವರು.

ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ, ವ್ಯಕ್ತಿಯ ಹೆಸರು ಅನಂತರ. ಒಕ್ಕದ ಹೆಸರಿನ ಕೊನೆಯಲ್ಲಿ ಕೇಳಿಬರುವ ‘ಅಂಡ’ ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ಕಂಡರೂ ಅದರ ಅರ್ಥ ಸರಳವಾದುದು. ಕೊಡವ ಭಾಷೆಯ ನಾಟಕಕಾರರಾದ ಅಪ್ಪಚ್ಚ ಕವಿಗಳ 1906ರ ನಾಟಕದ ಹೆಸರು ‘ಯಯಾತಿ ರಾಜಂಡ ನಾಟಕ’, ಅಂದರೆ ಯಯಾತಿ ರಾಜನ ನಾಟಕ. ಅಲ್ಲಿ ರಾಜನಿಗೆ ಹತ್ತಿದ ಷಷ್ಠಿ ವಿಭಕ್ತಿಯೇ ಇಲ್ಲಿ ಮನೆತನಕ್ಕೂ ಹತ್ತಿದೆ. ಹೀಗಿರುವಾಗ ನಡಿಕೇರಿಯಂಡ ಎಂಬುದನ್ನು ‘ಎನ್.’ ಎಂದು ಕುಗ್ಗಿಸಿದರೆ ಉಳಿಯುವುದೇನು? ಮುತ್ತಣ್ಣ, ಪೊನ್ನಪ್ಪ, ಬೆಳ್ಳಿಯಪ್ಪ, ತಿಮ್ಮಯ್ಯ ಮುಂತಾದ ಹೆಸರುಗಳು ನಮ್ಮಲ್ಲಿ ಒಂದೊಂದು ಊರಿನಲ್ಲೂ ಹಲವರಿಗಿರುವುದರಿಂದ, ಯಾವ ಮುತ್ತಣ್ಣನೆಂದು ತಿಳಿಸುವುದು ಒಕ್ಕದ ಹೆಸರು ಮಾತ್ರ. ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಹೆಸರಿನ ‘ಕೆ.’ ಕೂಡ ಒಂದೇ ಕೊಡಂದೇರ ಒಕ್ಕವನ್ನು ಸೂಚಿಸುತ್ತದೆಂಬುದು ಆ ಒಂದಕ್ಷರದಿಂದ ಎಷ್ಟು ಜನರಿಗೆ ಹೊಳೆದೀತು!

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಮನೆಹೆಸರಲ್ಲದ್ದನ್ನು ಮನೆಹೆಸರೆಂದು ಭಾವಿಸುವುದು. ಹರದಾಸ ಅಪ್ಪಚ್ಚ ಕವಿಗಳನ್ನು ‘ಹರದಾಸ’ ಎಂಬ ಮನೆತನದವರೆಂದು ಬರೆದ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ನಾನೇ ತಿದ್ದಿದ್ದೇನೆ; ಅವರ ಒಕ್ಕ ಅಪ್ಪನೆರವಂಡ. ಕೊಡಗಿನ ಗೌರಮ್ಮನವರ ‘ಕೊಡಗಿನ’ ಎಂಬುದು ನಾಡಿನ ಗುರುತೇ ಹೊರತು ಮನೆತನದ್ದಲ್ಲ. ಪತಿಯ ಹೆಸರನ್ನು ಮುಂದಿಟ್ಟು ಶ್ರೀಮತಿ ಬಿ.ಟಿ.ಜಿ. ಕೃಷ್ಣ ಎಂದೂ ಅವರು ಕಥೆಗಳನ್ನು ಬರೆದಿದ್ದರಿಂದ, ಹಳೆಯ ಪತ್ರಿಕೆಗಳಲ್ಲಿ ಅವರ ಬರಹವನ್ನು ಹುಡುಕುವವರು ಎರಡೂ ಹೆಸರನ್ನು ನೆನಪಿಡಬೇಕು. ಮದುವೆಯಾದ ಕೊಡವ ಲೇಖಕಿಯರು ಪತಿಯ ಒಕ್ಕದ ಹೆಸರಿನಲ್ಲಿ ಬರೆಯುವುದು ರೂಢಿಯಾದುದರಿಂದ, ಮದುವೆಗೆ ಮುಂಚಿನ ಬರಹಗಳಿದ್ದಲ್ಲಿ ತಾಮನೆಯ (ತವರಿನ ಒಕ್ಕದ) ಹೆಸರನ್ನೂ ನಮೂದಿಸುವುದು ಒಳ್ಳೆಯದು. ನಮ್ಮ ಮರಣವಾರ್ತೆಗಳಲ್ಲಿ ಆ ಪದ್ಧತಿ ಇದೆ; ಗ್ರಂಥಸೂಚಿಗಳಲ್ಲಿ ಏಕಿರಬಾರದು?

ಬರಹದ ತೊಡಕು ಬೇರೆ. ಕೊಡವ ಭಾಷೆಯ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ಅಷ್ಟರ ಮಟ್ಟಿಗಿನ ವ್ಯತ್ಯಾಸವನ್ನು ಕ್ಷಮಿಸಬಹುದು. ಆದರೆ ದಕಾರ, ಡಕಾರಗಳನ್ನು ಬೇರ್ಪಡಿಸದ ಇಂಗ್ಲಿಷ್ ಕಾಗುಣಿತವನ್ನು ಕಣ್ಣಮುಂದಿಟ್ಟುಕೊಂಡು ಮತ್ತೆ ಕನ್ನಡಕ್ಕಿಳಿಸಿದಾಗ ‘ಅಂಡ’ವು ‘ಆಂದ’ವಾಗುವುದು ಶುದ್ಧ ಅಜಾಗರೂಕತೆ. ಪಟ್ಟೋಲೆ ಪಳಮೆ ಕನ್ನಡ ಲಿಪಿಯಲ್ಲೇ ಅಚ್ಚಾದ ಪುಸ್ತಕ. ಮುಖಪುಟ ನೋಡುವ ಶ್ರಮ ಸಾಕಿತ್ತು.

ಆದ್ದರಿಂದ ಪುರವಣಿಯ ಲೇಖಕರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲ ಉಲ್ಲೇಖದಲ್ಲಿ ಒಕ್ಕದ ಹೆಸರನ್ನು ಪೂರ್ಣವಾಗಿ, ಮೂಲ ಪುಸ್ತಕದಲ್ಲಿರುವಂತೆ ಬರೆಯಿರಿ. ಮುಂದೆ ‘ಚಿಣ್ಣಪ್ಪನವರು’ ಎಂದರೆ ಸಾಕು. ಬರೀ ‘ನಡಿಕೇರಿಯಂಡ’ ಎನ್ನಬೇಡಿ, ಏಕೆಂದರೆ ಅದು ಒಬ್ಬರ ಹೆಸರಲ್ಲ, ಇಡೀ ಒಕ್ಕದ್ದು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕಪ್‌ನಿಂದ ಆರಂಭವಾದ, ಒಕ್ಕಗಳೇ ತಂಡಗಳಾಗಿ ಆಡುವ ಕೌಟುಂಬಿಕ ಹಾಕಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗ್ರಂಥಋಣದಲ್ಲಿ ಹೆಸರನ್ನು ಹಿಂದುಮುಂದು ಮಾಡದೆ ಒಕ್ಕದ ಹೆಸರಿನಡಿಯೇ ಕೊಟ್ಟು, ಚಿಣ್ಣಪ್ಪ ಎಂದು ಹುಡುಕುವವರಿಗಾಗಿ ಅಲ್ಲೊಂದು ಸೂಚನೆ ಹಾಕಿದರೆ ಎರಡೂ ಬಗೆಯಲ್ಲಿ ಹುಡುಕುವವರಿಗೆ ಅನುಕೂಲ. ತಮ್ಮ ಕರಡು ತಿದ್ದುವ ವಿಭಾಗದವರು, ಅನುಮಾನ ಬಂದ ಹೆಸರನ್ನು ಊಹೆಯಿಂದ ಸರಿಪಡಿಸುವ ಬದಲು, ಲೇಖಕರನ್ನೊಮ್ಮೆ ಫೋನಿನಲ್ಲಿ ಕೇಳಬೇಕೆಂದು ವಿನಂತಿ.

ಇತಿ,
ನಿವೃತ್ತ ಕನ್ನಡ ಅಧ್ಯಾಪಕ,
ವಿರಾಜಪೇಟೆ, ಕೊಡಗು