ಹುಲಿ ಇತ್ತೋ ಇಲ್ಲವೋ

ಲೋ ಮಾರಾಯ,

ಮೊನ್ನೆ ಫೋನಿನಲ್ಲಿ ನೀನು 'ಲೈಫ್ ಆಫ್ ಪೈ' ಸಿನಿಮಾದ ಹುಡುಗ ಪೈ ಬರೀ ಸುಳ್ಳು ಬಿಡ್ತಾನೆ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟೆ. ಅವತ್ತಿನಿಂದ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ನಿನ್ನೆ ರಾತ್ರಿ ಮತ್ತೆ ಕೂತು ನೋಡಿದೆ. 2012ರಲ್ಲಿ ನೋಡಿದಾಗ ಹುಲಿ ಬಿಟ್ಟು ಬೇರೇನೂ ಕಣ್ಣಿಗೆ ಬಿದ್ದಿರಲಿಲ್ಲ.

ನಿನ್ನ ಅನುಮಾನ ಸರಿಯೇ. ಹಡಗು ಮುಳುಗಿದ ಮೇಲೆ 227 ದಿನ ಒಂದು ದೋಣಿಯಲ್ಲಿ ಪಾಂಡಿಚೇರಿಯ ಹುಡುಗ, ಜೊತೆಗೆ ಬಂಗಾಳದ ಹುಲಿ, ಯಾರು ನಂಬುತ್ತಾರೆ? ಹಡಗು ಯಾಕೆ ಮುಳುಗಿತು ಅಂತ ವಿಚಾರಿಸೋಕೆ ಪೈ ಇದ್ದ ಆಸ್ಪತ್ರೆಗೆ ಬಂದ ಜಪಾನಿಯರೂ ನಂಬಲಿಲ್ಲ. ಬಾಳೆಹಣ್ಣು ತೇಲಲ್ಲ, ಅದರ ಮೇಲೆ ಕೂತು ಒರಾಂಗುಟಾನ್ (ಅದೇ ದೊಡ್ಡ ವಾನರ) ದೋಣಿಗೆ ಹೇಗೆ ಬಂತು ಅಂದರು. ನಾನು ಬೆಳಿಗ್ಗೆ ಒಂದು ಚಿಪ್ಪು ಏಲಕ್ಕಿ ಬಾಳೆಯನ್ನು ಬಕೆಟ್ಟಿಗೆ ಹಾಕಿದೆ (ಬೈಸಿಕೊಂಡೆ, ಅದು ಬೇರೆ ಮಾತು). ಸ್ವಲ್ಪ ವಾಲಿಕೊಂಡು ತೇಲಿತು ಕಣೋ! ಹಾಗಂತ ಹುಲಿ ಇತ್ತು ಅಂತಾಗಲ್ಲ, ಗೊತ್ತು.

ಆಮೇಲೆ ಪೈ ಹೇಳುವ ಎರಡನೆಯ ಕಥೆಯಲ್ಲಿ ಪ್ರಾಣಿಗಳೇ ಇಲ್ಲ. ಅಡುಗೆಯವನು, ಕಾಲು ಮುರಿದ ನಾವಿಕ, ಅಮ್ಮ, ಪೈ. ಅಡುಗೆಯವನು ಅಮ್ಮನನ್ನು ಕೊಲ್ಲುತ್ತಾನೆ, ಪೈ ಅವನನ್ನು ಕೊಲ್ಲುತ್ತಾನೆ. ಮೊದಲ ಕಥೆಯ ದೋಣಿಯಲ್ಲಿದ್ದದ್ದು, ಅದೇ ಕ್ರಮದಲ್ಲಿ, ಕತ್ತೆಕಿರುಬ, ಜೀಬ್ರಾ, ಒರಾಂಗುಟಾನ್, ಹುಲಿ. ಲೆಕ್ಕ ಸರಿಹೋಯ್ತು, ನಾವೂ 'ಓಹೋ, ಇದೇ ನಿಜ' ಅಂದುಬಿಟ್ಟೆವು. ಯಾಕೆ ಹೇಳು? ಎರಡನ್ನೂ ಹೇಳಿದ್ದು ಅದೇ ಬಾಯಿ. ಎರಡಕ್ಕೂ ಸಾಕ್ಷಿ ಇಲ್ಲ. ಎರಡನೆಯದು ಭೀಕರವಾಗಿದೆ ಅನ್ನೋದೊಂದೇ ನಮ್ಮ ಪುರಾವೆ. ಅದನ್ನೂ ಅವನಾಗಿ ಹೇಳಿದ್ದಲ್ಲ, ನಂಬೋ ಹಾಗಿರೋದು ಹೇಳಪ್ಪಾ ಅಂತ ಆ ಜಪಾನಿಯರು ಹಿಂದೆ ಬಿದ್ದ ಮೇಲೆ ಹೇಳಿದ್ದು. ತಾನಾಗಿ ಹೇಳಿದ್ದು ಸುಳ್ಳು, ಕೇಳಿ ಪಡೆದದ್ದು ನಿಜ. ಇದ್ಯಾವ ನ್ಯಾಯ?

ಆದರೂ ಒಂದು ಕಡೆ ನಾನು ಸೋತೆ. ಹುಲಿಯ ಕಥೆಗೆ ನಿರ್ದೇಶಕ ಆಂಗ್ ಲೀ ಇಡೀ ಸಮುದ್ರ ತೋರಿಸಿದ. ಎರಡನೆಯದಕ್ಕೆ ಒಂದು ಚಿತ್ರವೂ ಇಲ್ಲ. ಹಾಸಿಗೆಯ ಮೇಲೆ ಹುಡುಗ ಪೈ ಆಗಿರುವ ಸೂರಜ್ ಶರ್ಮಾ, ಆ ಮುಖ, ಆ ದನಿ, ಅಷ್ಟೇ. ತಯಾರು ಮಾಡಿಕೊಂಡ ಸುಳ್ಳನ್ನು ಯಾರೂ ಹಾಗೆ ತಡವರಿಸಿಕೊಂಡು ಹೇಳಲ್ಲ ಅನ್ನಿಸಿತು.

ಸರಿ, ನೀನೇ ಗೆದ್ದೆ ಅಂದುಕೊಂಡರೆ ಅಲ್ಲೂ ಒಂದು ತೊಡಕು. ಹುಲಿ ತಿರುಗಿಯೂ ನೋಡದೆ ಕಾಡಿಗೆ ಹೋಯ್ತು ಅನ್ನುವಾಗ ದೊಡ್ಡ ಪೈ, ಅದೇ ಇರ್ಫಾನ್ ಖಾನ್, ಇಷ್ಟು ವರ್ಷ ಆದಮೇಲೂ ಅಳುತ್ತಾನೆ. ಹುಲಿಯೇ ಇರಲಿಲ್ಲ ಅಂದ್ರೆ ಅವನು ಅತ್ತಿದ್ದು ಯಾರಿಗೋ?

ಭಾನುವಾರ ಬಾ. ಸಿನಿಮಾ ಪೂರ್ತಿ ಬೇಡ, ಆ ಎರಡು ದೃಶ್ಯ ಮಾತ್ರ ಹಾಕೋಣ. ಬಾಳೆಹಣ್ಣು ಇನ್ನೂ ನಾಲ್ಕು ಉಳಿದಿವೆ.

ನಿನ್ನವನೇ