ಮೋಡದ ಬೆನ್ನ ಮೇಲೆ ಬರ್ಕೊಂಡಿದ್ದು

ಪ್ರೀತಿಯ ತಮ್ಮಾ,

ನಿನ್ನ ಕಥೆ ಎರಡು ಸಲ ಓದ್ದೆ. ಸಂಭಾಷಣೆ ಚೆನ್ನಾಗಿದೆ, ಅದರ ಬಗ್ಗೆ ಚಿಂತೆ ಬೇಡ. ಆದ್ರೆ ನಾಲ್ಕು ಕಡೆ ‘ಮೋಡ ಕವಿದಿತ್ತು’ ಅಂದಿದೀಯಲ್ಲ, ನಾಲ್ಕೂ ಒಂದೇ ಮೋಡ ಕಣೋ, ನಾನೂ ನಿನ್ನ ವಯಸ್ಸಲ್ಲಿ ಬಳಸಿ ಬಳಸಿ ಸವೆಸಿದ್ದೇ ಅದು. ಮೇಲೆ ಬೇರೆ ಕೇಳ್ತೀಯ, ಒಂದೇ ಜಾಗದಲ್ಲಿ ಬಿದ್ದಿರೋನಿಗೆ ಬರೆಯೋಕೆ ಏನಿರುತ್ತೆ ಅಂತ.

ಜಾನ್ ಕಾನ್‌ಸ್ಟೆಬಲ್ ಅಂತ ಒಬ್ಬ ಪೇಂಟರ್, 1776ರಲ್ಲಿ ಇಂಗ್ಲೆಂಡಿನ ಸಫೋಕ್‌ನಲ್ಲಿ ಹುಟ್ಟಿದೋನು. ಅಪ್ಪಂದು ಹಿಟ್ಟಿನ ಗಿರಣಿಗಳು, ನೀರಿಂದ ತಿರುಗೋದೂ ಇತ್ತು ಗಾಳಿಯಿಂದ ತಿರುಗೋದೂ ಇತ್ತು, ಇವನೂ ಹುಡುಗನಾಗಿದ್ದಾಗ ಅಲ್ಲಿ ಕೆಲ್ಸ ಮಾಡ್ದ. ಗಾಳಿಗಿರಣಿ ನೋಡ್ಕೊಳ್ಳೋನು ಆಕಾಶ ನೋಡ್ದೆ ಇದ್ರೆ ಆಗುತ್ತಾ, ಗಾಳಿ ದಿಕ್ಕು ಬದಲಾಗಿ ಹಿಂದಿಂದ ಹೊಡೆದ್ರೆ ರೆಕ್ಕೆಗೇ ಏಟು. ಹಾಗಾಗಿ ಅವನಿಗೆ ಮೋಡ ಅಂದ್ರೆ ಮೊದಲು ಕೆಲಸದ ವಿಷಯ, ಚೆಂದ ಆಮೇಲೆ. ಗಿರಣಿ ನಡೆಸ್ತಿದ್ದ ಅವನ ತಮ್ಮನೇ ಹೇಳಿದ್ನಂತೆ, ಅಣ್ಣ ಬರೆದ ಗಿರಣಿ ನಿಜವಾಗ್ಲೂ ತಿರುಗುತ್ತೆ, ಬೇರೆಯವರು ಬರೆದಿದ್ದು ತಿರುಗಲ್ಲ ಅಂತ. (ಇದಕ್ಕಿಂತ ದೊಡ್ಡ ವಿಮರ್ಶೆ ಇನ್ನೇನು ಬೇಕು!)

ಜೀವಮಾನದಲ್ಲಿ ದೇಶ ಬಿಟ್ಟು ಹೋಗ್ಲಿಲ್ಲ ಆಸಾಮಿ. ಬಂಡಿಯೊಂದು ಹೊಳೆಯಲ್ಲಿ ನಿಂತಿರೋ ‘ದಿ ಹೇ ವೇನ್’ 1821ರಲ್ಲಿ ಲಂಡನ್‌ನಲ್ಲಿ ಮಾರಾಟ ಆಗ್ಲಿಲ್ಲ, 1824ರಲ್ಲಿ ಪ್ಯಾರಿಸ್‌ಗೆ ಹೋಗಿ ಚಿನ್ನದ ಪದಕ ತಗೊಳ್ತು, ಆಗ್ಲೂ ಚಿತ್ರ ಹೋಯ್ತೇ ಹೊರತು ಇವನು ಹೋಗ್ಲಿಲ್ಲ.

ಈಗ ನಿನಗೆ ಬೇಕಾದ ವಿಷಯ. ಹೆಂಡತಿ ಮರಾಯಾಗೆ ಕ್ಷಯ, ಒಳ್ಳೇ ಗಾಳಿ ಸಿಗ್ಲಿ ಅಂತ ಲಂಡನ್ ಪಕ್ಕದ ಎತ್ತರದ ಜಾಗ ಹ್ಯಾಂಪ್‌ಸ್ಟೆಡ್‌ನಲ್ಲಿ ಮನೆ ಮಾಡಿದ್ರು. ಅಲ್ಲಿ 1821, 22ರಲ್ಲಿ ಇವನು ಹೊರಗೆ ಕೂತು ಬರೀ ಆಕಾಶಾನೇ ಬರೆದ, ಪೇಪರ್ ಮೇಲೆ ಆಯಿಲ್ ಪೇಂಟ್, ಮೋಡ ಓಡಿಹೋಗೋದ್ರೊಳಗೆ ಮುಗಿಸ್ಬೇಕು. ಎಷ್ಟೋ ಚಿತ್ರಗಳ ಹಿಂಭಾಗದಲ್ಲಿ ತಾರೀಖು, ಹೊತ್ತು, ಗಾಳಿ ದಿಕ್ಕು ಎಲ್ಲಾ ಗೀಚಿಟ್ಟಿದಾನೆ. ಒಂದರ ಹಿಂದೆ ಇರೋದು ಹೆಚ್ಚುಕಮ್ಮಿ ಹೀಗೆ: 1822 ಸೆಪ್ಟೆಂಬರ್ 5, ಬೆಳಿಗ್ಗೆ 10 ಗಂಟೆ, ಆಗ್ನೇಯಕ್ಕೆ ನೋಡ್ತಾ, ಪಡುವಣದಿಂದ ಜೋರು ಗಾಳಿ, ಹಳದಿ ಹಾಸಿನ ಮೇಲೆ ಬೂದು ಮೋಡಗಳ ಓಟ. ನಿನ್ನ ನಾಲ್ಕು ‘ಕವಿದಿತ್ತು’ ಪಕ್ಕ ಇದನ್ನಿಟ್ಟು ಓದ್ಕೋ. ಒಂದು ಉಪಮೆ ಇಲ್ಲ, ಆದ್ರೂ ಇನ್ನೂರು ವರ್ಷದ ಹಿಂದಿನ ಆ ಬೆಳಿಗ್ಗೆ ಕಣ್ಮುಂದೆ ಬರುತ್ತೆ.

1828ರಲ್ಲಿ ಮರಾಯಾ ಹೋಗ್ಬಿಟ್ಲು. ಮರುವರ್ಷ ಅವನು ಬರೆದಿದ್ದು ಹ್ಯಾಡ್ಲಿ ಅನ್ನೋ ಪಾಳುಕೋಟೆ, 1814ರಲ್ಲೇ ನೋಡಿ ಪೆನ್ಸಿಲ್‌ನಲ್ಲಿ ಗೀಚಿಟ್ಕೊಂಡಿದ್ದು. ಹದಿನೈದು ವರ್ಷ ಸುಮ್ನೆ ಬಿದ್ದಿತ್ತು ಆ ಹಾಳೆ. ಆ ಕೋಟೆ ಮೇಲೆ ಈಗ ಹರಿದು ಚೂರಾದ ಬಿರುಗಾಳಿ ಆಕಾಶ. ಎಲ್ಲೂ ಅಳೋರಿಲ್ಲ ಅದ್ರಲ್ಲಿ. ಅಷ್ಟು ವರ್ಷ ಕೂತು ನೋಡಿದ ಮೋಡಗಳೇ ಆ ದುಃಖಕ್ಕೆ ಒದಗಿ ಬಂದ್ವು ಅಂತ ನಂಗನ್ಸುತ್ತೆ, ತಜ್ಞರು ಒಪ್ತಾರೋ ಇಲ್ವೋ.

ಕಥೆಯ ಕೊನೇಲಿ ಅಪ್ಪ ಸಾಯ್ತಾನಲ್ಲ, ಅವತ್ತು ಎಷ್ಟು ಗಂಟೆ, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು? ಅದೊಂದು ಪ್ಯಾರಾ ತಿದ್ದಿ ಕಳ್ಸು, ಉಳಿದಿದ್ದು ಆಮೇಲೆ ನೋಡೋಣ.

ನಿನ್ನ ಅಣ್ಣ