ಮರೆವು ಮತ್ತು ಮನೆಮಾತು

ನನ್ನ ದೊಡ್ಡಪ್ಪ ಫೋರ್ಟಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತೆಂಟು ವರ್ಷ ಕುಳಿತವರು. ಹನ್ನೆರಡನೆಯ ವಯಸ್ಸಿಗೆ ಕೋಟೇಶ್ವರದಿಂದ ಮುಂಬಯಿಗೆ ಬಂದು, ಹಗಲು ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಗಿರಾಕಿಗಳೊಂದಿಗೆ ಮರಾಠಿ, ಹಿಂದಿ, ಗುಜರಾತಿಗಳಲ್ಲಿ ಸರಾಗವಾಗಿ ವ್ಯವಹರಿಸುತ್ತಿದ್ದ ಅವರು, ನಿವೃತ್ತಿಯ ನಂತರ ಡೊಂಬಿವಲಿಯ ಮನೆಯಲ್ಲಿ ಹಾಲಿನವನಿಗೆ ಒಂದೇ ತಿಂಗಳ ಹಣವನ್ನು ಮೂರು ಸಲ ಕೊಟ್ಟರು. ನಾವೆಲ್ಲ ನಕ್ಕೆವು. "ಅರವತ್ತಕ್ಕೆ ಅರಳು ಮರಳು, ಇವರಿಗೆ ಎಪ್ಪತ್ತನಾಲ್ಕಾಯಿತಲ್ಲ" ಎಂದವರಲ್ಲಿ ನಾನೂ ಒಬ್ಬ. ಆ ನಗೆಯಲ್ಲಿ ಎರಡು ವರ್ಷ ಕಳೆದುಹೋದವು ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಈ ಸಂಚಿಕೆಯ ಸಂಪಾದಕೀಯವನ್ನು ಆಲ್ಝೈಮರ್ ಕಾಯಿಲೆಗೆ ಮೀಸಲಿಡಲು ಅದೇ ಕಾರಣ.

ವಯಸ್ಸಾದಂತೆ ಪರಿಚಿತರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಹಜ. ಆದರೆ ಜೀವಮಾನವಿಡೀ ಮಾಡಿದ ಲೆಕ್ಕ ಕೈತಪ್ಪುವುದು, ಕೇಳಿದ ಪ್ರಶ್ನೆಯನ್ನೇ ಕಾಲುಗಂಟೆಯೊಳಗೆ ಮತ್ತೆ ಮತ್ತೆ ಕೇಳುವುದು, ನಿತ್ಯ ಓಡಾಡಿದ ಬೀದಿಯಲ್ಲೇ ದಾರಿ ಕಾಣದೆ ನಿಲ್ಲುವುದು ಬರಿಯ ಮುಪ್ಪಿನ ಲಕ್ಷಣವಲ್ಲ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ವೈದ್ಯರ ಸಭೆಯ ಮುಂದೆ ವಿವರಿಸಿದ ರೋಗಿ, ಅಗಸ್ಟೆ ಡೀಟರ್, ಆಸ್ಪತ್ರೆ ಸೇರಿದಾಗ ಅವರಿಗೆ 51 ವರ್ಷ ಮಾತ್ರ. ಅವರ ಮರಣಾನಂತರ ಮಿದುಳನ್ನು ಪರೀಕ್ಷಿಸಿದಾಗ ನರಕೋಶಗಳ ಹೊರಗೆ ಗಂಟುಗಟ್ಟಿದ ಪದಾರ್ಥವೂ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಕಂಡವು. ಮೊದಲನೆಯದು ಅಮಿಲಾಯ್ಡ್, ಎರಡನೆಯದು ಟೌ ಎಂಬ ಪ್ರೋಟೀನು ಎಂದು ಈಗ ತಿಳಿದಿದೆ. ಹೊಸ ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಈ ರೋಗ ಬೇಗನೆ ಹಿಡಿಯುತ್ತದೆ. ದೊಡ್ಡಪ್ಪ ಬೆಳಗಿನ ಚಾ ಕುಡಿದದ್ದನ್ನು ಮರೆತು ಮತ್ತೆ ಕೇಳುತ್ತಿದ್ದರೂ ರಾತ್ರಿಶಾಲೆಯ ಮಾಸ್ತರರ ಹೆಸರನ್ನು ಇನಿಷಿಯಲ್ ಸಮೇತ ಹೇಳುತ್ತಿದ್ದುದು ಹೀಗೆ.

ಒಂದು ದಿನ ನಸುಕಿನಲ್ಲಿ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಲೋಕಲ್ ಹಿಡಿದು, ವಿ.ಟಿ. ರೈಲು ನಿಲ್ದಾಣದಲ್ಲಿ ಇಳಿದು, ಹೋಟೆಲಿನ ಬಾಗಿಲು ತೆಗೆಯಲು ಹೋದರು. ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಮುಚ್ಚಿದ ಶಟರಿನ ಮುಂದೆ ಕುಳಿತಿದ್ದವರನ್ನು ಪೊಲೀಸರು ಮರಾಠಿಯಲ್ಲಿ ವಿಚಾರಿಸಿದರು, ಹಿಂದಿಯಲ್ಲಿ ವಿಚಾರಿಸಿದರು. ನಾಲ್ಕು ಭಾಷೆ ಆಡುತ್ತಿದ್ದ ಮನುಷ್ಯ ಮುಖ ನೋಡುತ್ತ ಕುಳಿತರು. ಪಕ್ಕದ ಪತ್ರಿಕೆ ಮಾರುವವರೊಬ್ಬರು ಬಗ್ಗಿ, "ಯಾವೂರಾಯ್ತ್ ಮಾರಾಯ್ರೆ?" ಎಂದದ್ದೇ ತಡ, "ಕೋಟೇಶ್ವರ" ಎಂಬ ಉತ್ತರ ಬಂದಿತು. ಅಂಗಿಯ ಜೇಬಿನಲ್ಲಿದ್ದ ಹಳೆಯ ಔಷಧದ ಚೀಟಿಯಿಂದ ಮನೆಯ ನಂಬರು ಸಿಕ್ಕಿತು.

ನಂತರ ಕಲಿತ ಭಾಷೆಗಳು ಮೊದಲು ಸಡಿಲಗೊಂಡು ಮನೆಮಾತು ಕೊನೆಯವರೆಗೆ ಉಳಿಯುವುದು ಈ ಕಾಯಿಲೆಯ ಹಲವರಲ್ಲಿ ಕಂಡುಬರುತ್ತದೆ. ಹೊರನಾಡಿನಲ್ಲಿರುವ ನಮ್ಮ ಪಾಲಿಗೆ ಇದಕ್ಕಿಂತ ಮುಖ್ಯವಾದ ತಿಳಿವಳಿಕೆ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ನೆನಪಿನ ಪರೀಕ್ಷೆಯೆಂದರೆ ಬಹುಪಾಲು ಮಾತಿನ ಪರೀಕ್ಷೆ: ಇಂದು ಯಾವ ವಾರ, ಈ ಮೂರು ಪದಗಳನ್ನು ನೆನಪಿಟ್ಟು ಹೇಳಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ. ದೊಡ್ಡಪ್ಪನಿಗೆ ಮೊದಲ ಸಲ ಇವನ್ನೆಲ್ಲ ಹಿಂದಿಯಲ್ಲಿ ಕೇಳಲಾಯಿತು, ಒಂದಕ್ಕೂ ಉತ್ತರವಿರಲಿಲ್ಲ. ಎರಡನೆಯ ಸಲ ವೈದ್ಯರ ಒಪ್ಪಿಗೆ ಪಡೆದು ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಕೇಳಿದಾಗ ಮೂರು ಪದಗಳಲ್ಲಿ ಎರಡನ್ನು ಹೇಳಿದರು. ಕಾಯಿಲೆ ಇದ್ದದ್ದು ನಿಜ. ಆದರೆ ಅದರ ಪಾಲೆಷ್ಟು, ಭಾಷೆಯ ತೊಡಕಿನ ಪಾಲೆಷ್ಟು ಎಂಬುದು ತಿಳಿದದ್ದು ಆಮೇಲೆ.

ಬಹುಭಾಷೆಯ ಬದುಕು ನಮಗೆ ಒಳಿತನ್ನೂ ಮಾಡಿರಬಹುದು. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಭಾಷೆ ಬಲ್ಲವರಲ್ಲಿ ಮರೆವಿನ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ಬಾರದವರಲ್ಲೂ ಈ ಅಂತರ ಕಂಡಿತ್ತು. ತಡವಾಗುತ್ತದೆ ಎಂದರೆ ಬರುವುದೇ ಇಲ್ಲವೆಂದಲ್ಲ. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿ, ಹಲವು ಭಾಷೆಗಳಲ್ಲಿ ಭಾಷಣ ಮಾಡಿ, 1974ರ ರೈಲ್ವೆ ಮುಷ್ಕರವನ್ನು ಮುನ್ನಡೆಸಿದ ಜಾರ್ಜ್ ಫರ್ನಾಂಡಿಸ್ ಅವರೂ ಇದೇ ಕಾಯಿಲೆಯಲ್ಲಿ ವರ್ಷಗಟ್ಟಲೆ ಮೌನವಾಗಿದ್ದು 2019ರಲ್ಲಿ ತೀರಿಕೊಂಡರು.

ಇಷ್ಟಾದರೂ ನಮ್ಮ ಮನೆಗಳಲ್ಲಿ ಇದನ್ನು ಮುಚ್ಚಿಡುತ್ತೇವೆ. "ಯಾರಿಗೂ ಹೇಳಬೇಡ ಮಗಾ, ಹುಚ್ಚು ಅಂತಾರೆ, ನಾಳೆ ಮೊಮ್ಮಗಳ ಸಂಬಂಧ ನೋಡಬೇಕು" ಎಂದು ದೊಡ್ಡಮ್ಮ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ದರು. ಒಂದೇ ವಂಶವಾಹಿಯ ದೋಷದಿಂದ ನೇರವಾಗಿ ಇಳಿದುಬರುವ ಬಗೆ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗುಟ್ಟು ಕಾಯುತ್ತ ಅವರು ಹಗಲುರಾತ್ರಿ ಒಬ್ಬರೇ ಬಳಲಿದರು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಯೋಚನಾಶಕ್ತಿ ಕುಂದುವ ಸ್ಥಿತಿ, ಇದೆ. ಅದರಲ್ಲಿ ಆಲ್ಝೈಮರ್‌ನದೇ ದೊಡ್ಡ ಪಾಲು.

ಗುಣಪಡಿಸುವ ಔಷಧ ಇನ್ನೂ ಇಲ್ಲ; ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಲ್ಲಿ ಕೆಲಕಾಲ ಲಕ್ಷಣಗಳನ್ನು ತಗ್ಗಿಸುತ್ತವೆ. ಆದರೂ ಬೇಗ ವೈದ್ಯರ ಬಳಿ ಹೋಗಬೇಕು, ಏಕೆಂದರೆ ಬಿ-12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಅವುಗಳಿಗೆ ಚಿಕಿತ್ಸೆ ಇದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ನಡುವಯಸ್ಸಿನಲ್ಲೇ ಹತೋಟಿಯಲ್ಲಿಡುವುದು, ಕಿವಿ ಮಂದವಾದರೆ ಶ್ರವಣಯಂತ್ರ ಹಾಕಿಸುವುದು ಅಪಾಯವನ್ನು ತಗ್ಗಿಸಬಲ್ಲವು. ಶ್ರವಣಯಂತ್ರ ಹಾಕಲು ನಾಚುವ ಹಿರಿಯರಿಗೆ ಈ ಮಾತನ್ನು ದಯವಿಟ್ಟು ಓದಿ ಹೇಳಿ.

ನಮ್ಮ ಸಂಘಕ್ಕೆ ಆಸ್ಪತ್ರೆ ಕಟ್ಟುವ ಶಕ್ತಿಯಿಲ್ಲ. ಆದರೆ ಹಿರಿಯರೊಂದಿಗೆ ವೈದ್ಯರ ಬಳಿಗೆ ಹೋಗಿ ಅವರ ಮಾತಿನಲ್ಲೇ ಪ್ರಶ್ನೆ ಕೇಳಿಸಬಲ್ಲವರು, ವಾರಕ್ಕೊಮ್ಮೆ ಎರಡು ತಾಸು ಅವರ ಬಳಿ ಕುಳಿತು ಹಳೆಯ ಊರಿನ ಸುದ್ದಿ ಮಾತನಾಡಿ ಮನೆಯವರಿಗೆ ಬಿಡುವು ಕೊಡಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಅಂಥವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ಹೆಸರು, ವಾಸಿಸುವ ಬಡಾವಣೆಗಳ ಜೊತೆಗೆ ತಮ್ಮ ಮನೆಯ ಮಾತು ಯಾವುದೆಂಬುದನ್ನೂ ತಪ್ಪದೆ ತಿಳಿಸಿ: ಕುಂದಾಪುರದ್ದೋ, ಹವ್ಯಕರದ್ದೋ, ಧಾರವಾಡದ್ದೋ, ತುಳುವೋ.